ಗಾಡಿ ಎಂಬೊಂದು ಕ್ಲಾಸು

ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಸಾಲು.
ಹೆಸರು ಮಾತ್ರ ಎರಡೇ ಅಕ್ಷರ: ಗಾಡಿ.

ಮದ್ದೂರಿನಾಚೆಯ ಈ ಸಕ್ಕರೆ ಕಾರ್ಖಾನೆಗೆ
ಎತ್ತಿನ ಗಾಡಿಯೇ ಹೆಚ್ಚು ಬರುತ್ತಿದ್ದ ಕಾಲಕ್ಕೆ
ಫಿಲೋಮಿನಾ ಮೇಡಂ ಬರೆದದ್ದು.
ಆಗ ಅದಕ್ಕೆ ಗೊತ್ತಿದ್ದದ್ದು
ತುಂಬಿ ಬಂದಾಗ ಎಷ್ಟು, ಬರಿದಾಗಿ ಹೋದಾಗ ಎಷ್ಟು.

ಆಮೇಲೆ ಟ್ರ್ಯಾಕ್ಟರು ಬಂತು, ಗಾಡಿಯೊಳಗೇ ಬಂತು.
ಲಾರಿ ಬಂತು, ಅದೂ ಒಳಗೇ.
ಡ್ರೈವರನ ಬಾಟಾ, ಕ್ಯಾಂಟೀನಿನ ಟೋಕನ್ನು,
ಕಟಾವಿನ ಆಳುಗಳ ಮುಂಗಡ,
ಸೋಗೆಗೆ ಎಷ್ಟು ಕಳೆಯಬೇಕು, ಬ್ಯಾಂಕಿಗೆ ಎಷ್ಟು ಮುರಿಯಬೇಕು,
ಸೈರನ್ನು ಎಷ್ಟು ಹೊತ್ತಿಗೆ ಕೂಗಬೇಕು
(ಹೌದು, ಸೈರನ್ನೂ!)
ಯಾರೋ ಅವಸರದಲ್ಲಿದ್ದರು,
ಗಾಡಿಯ ಹಿಂಬಾಗಿಲು ತೆರೆದೇ ಇತ್ತು.

ಮದುವೆಮನೆಯಲ್ಲಿ ಒಬ್ಬಳಿರುತ್ತಾಳಲ್ಲ,
ಉಗ್ರಾಣದ ಬೀಗದಕೈ, ಓಲಗದವರ ದುಡ್ಡು,
ಅಳುತ್ತಿರುವ ಮಗು ಯಾರದು, ಗ್ಯಾಸು ಎಷ್ಟು ಉಳಿದಿದೆ,
ಎಲ್ಲಕ್ಕೂ ಅವಳನ್ನೇ ಕೇಳಿ ಎನ್ನುತ್ತಾರೆ,
ಅವಳು ಉಂಡಳೋ ಇಲ್ಲವೋ ಯಾರೂ ಕೇಳಿಲ್ಲ.
ಹಾಗಿತ್ತು ಅದು.
ಒಂದು ಕಡೆ ಮುಟ್ಟಿದರೆ ಮೂರು ಕಡೆ ಮುಲುಗುತ್ತಿತ್ತು.

“ಕಿತ್ತು ಹೊಸದು ನೆಟ್ಟುಬಿಡಿ” ಎಂದರು ಮ್ಯಾನೇಜರು
ಮೈಸೂರಿನಿಂದ, ಫೋನಿನಲ್ಲಿ.
ಇಲ್ಲ ಸಾರ್, ಕೂಳೆ ಬಿಡುತ್ತೇನೆ ಎಂದೆ.
ನೆಲಮಟ್ಟಕ್ಕೆ ಸವರಿ, ಬೇರು ಹಾಗೇ ಇಟ್ಟು,
ಅದೇ ಬುಡದಿಂದ ಬೇರೆಬೇರೆ ಕುಡಿ ಏಳಿಸುವುದು.
ಅವರಿಗೆ ತಿಳಿಯಲಿಲ್ಲ.
ತೂಕದ ಮನೆಯ ಕಿಟಕಿಯಲ್ಲಿ ಬೋರಲಿಂಗಣ್ಣ ನಕ್ಕ.

ಮೊದಲು ಹಳೆಯ ಚೀಟಿ ಇನ್ನೂರು ಆರಿಸಿಕೊಂಡೆ.
ಹೊಸ ಗಾಡಿಯೂ ಅವಕ್ಕೆ ಅದೇ ಉತ್ತರ ಹೇಳಬೇಕು,
ಕೆಜಿಗೆ ಕೆಜಿ, ಪೈಸೆಗೆ ಪೈಸೆ.
ಒಳಗೆಲ್ಲ ಬದಲಾಗಬೇಕು, ಹೊರಗೆ ಏನೂ ಆಗಿರಬಾರದು,
ಈ ಕಸುಬಿನ ಶಾಸ್ತ್ರ ಇಷ್ಟೇ.

ಆಮೇಲೆ ಸೋಗೆ ಸುಲಿದ ಹಾಗೆ.
ತೂಕವನ್ನು ತೆಗೆದು ತೂಕ ಎಂದು ಕರೆದೆ.
ಬಾಟಾ ತನ್ನ ಮನೆಗೆ ಹೋಯಿತು.
ಮುಂಗಡ ಹಟ ಮಾಡಿತು,
ಅದರ ಒಂದು ಕಾಲು ಬ್ಯಾಂಕಿನೊಳಗೆ ಸಿಕ್ಕಿಕೊಂಡಿತ್ತು,
ಬಿಡಿಸುವುದರಲ್ಲಿ ಗುರುವಾರ ಕಳೆಯಿತು.
ಸೈರನ್ನಿಗೆ ಸ್ವಂತ ಗಂಟಲು ಸಿಕ್ಕಿತು.
ಪ್ರತಿ ಸಲವೂ ಇನ್ನೂರು ಚೀಟಿ ಓಡಿಸಿ,
ಹಸಿರು ಕಂಡ ಮೇಲೆ ಚಹಾ.

ಸಾಲು ಎರಡು ಸಾವಿರದ ಏಳರಲ್ಲಿ ನಿಂತೆ.
ಗೇಟು ಎರಡಾದರೆ ಹನ್ನೆರಡು ಕೆಜಿ ಸೇರಿಸು.
ಮೇಲೊಂದು ಟಿಪ್ಪಣಿ: ಮುಟ್ಟಬೇಡಿ. ಫಿ.

ಮುಟ್ಟಿದೆ.
ತೊಂಬತ್ತೊಂದು ಚೀಟಿ ಕೆಂಪಾದವು.

“ಅಯ್ಯೋ ಅದಾ?” ಎಂದ ಬೋರಲಿಂಗಣ್ಣ.
“ಎರಡ್ನೇ ಕಾಟಾದ್ದು ಎಡಮೂಲೆ ಕುಸ್ದಿತ್ತು ಕಣವ್ವ.
ಗಾಡಿ ಹತ್ತುದ್ರೆ ಹನ್ನೆರ್ಡು ಕೆಜಿ ನುಂಗೋದು.
ಜನ ಗಲಾಟೆ ಮಾಡುದ್ರು. ಆಯಮ್ಮ ರಾತ್ರೋರಾತ್ರಿ ಕುಂತು
ಅದೇನೋ ಬರ್ದು ಸರಿ ಮಾಡುದ್ರು.”
ಕಾಟಾ ರಿಪೇರಿ ಆಗಲಿಲ್ಲವೆ?
“ಆಯ್ತಲ್ಲ. ಆಗಿ ಹನ್ನೊಂದು ವರ್ಸ ಆಯ್ತು.”

ಅವನು ಎಲೆಗೆ ಸುಣ್ಣ ಸವರತೊಡಗಿದ.
ನಾನು ಪರದೆ ನೋಡುತ್ತ ಕೂತೆ.
ಹನ್ನೊಂದು ಹಂಗಾಮು, ಎರಡನೆಯ ಗೇಟು,
ಹೊರೆಗೆ ಹನ್ನೆರಡು ಕೆಜಿ
ಯಾವ ಗದ್ದೆಯಲ್ಲೂ ಬೆಳೆಯದ ಕಬ್ಬು.
ತೆಗೆಯಲು ನನಗೆ ಅಧಿಕಾರವಿಲ್ಲ,
ಕಾಣದ ಹಾಗೆ ಬಿಡಲು ಮನಸ್ಸಿಲ್ಲ.

ಕೊನೆಗೆ ಅದಕ್ಕೂ ಒಂದು ಗೂಡು ಕಟ್ಟಿದೆ, ಏಳು ಸಾಲಿನದು.
ಹೆಸರಿಡಲು ಒಂದಿಡೀ ಸಂಜೆ ಬೇಕಾಯಿತು.
ತಿದ್ದುಪಡಿ? ರಿಯಾಯಿತಿ? ತಪ್ಪು?
ಎಡಮೂಲೆ ಎಂದು ಬರೆದೆ.
ಇನ್ನು ಓದಿದವರು ಕೇಳಿಯೇ ಕೇಳುತ್ತಾರೆ, ಯಾವ ಮೂಲೆ ಎಂದು.
ಸಂತೆಯಲ್ಲಿ ಅಡಗಿದ್ದದ್ದು ಈಗ
ಹೆಸರು ಹೊತ್ತು ಒಂಟಿಯಾಗಿ ನಿಂತಿದೆ.
ಮ್ಯಾನೇಜರಿಗೆ ಎರಡು ಸಾಲಿನ ಪತ್ರ ಕಳಿಸಿದೆ.
ಉತ್ತರ ಇನ್ನೂ ಬಂದಿಲ್ಲ.

ರಾತ್ರಿ ಒಂಬತ್ತೂಕಾಲಿಗೆ ಎರಡನೇ ಗೇಟಿಗೆ
ಕೊಪ್ಪದ ಕಡೆಯ ಟ್ರ್ಯಾಕ್ಟರು, ಜೋರು ಹಾಡು.
ಪ್ರಿಂಟರು ಕರಕರ ಎಂದಿತು.
ಡ್ರೈವರು ಚೀಟಿ ಹರಿದುಕೊಂಡ,
ನೋಡದೇ ಜೇಬಿಗೆ ಇಳಿಬಿಟ್ಟು ಹೋದ.

ಗಾಡಿ ಈಗ ತೊಂಬತ್ತಾರು ಸಾಲು.
ತನ್ನ ತೂಕವೆಷ್ಟೆಂದು ಅದಕ್ಕೆ ಗೊತ್ತಿಲ್ಲ,
ಯಾರನ್ನು ಕೇಳಬೇಕೆಂದು ಗೊತ್ತು.